ಚೈತ್ರದ ಹನ್ನೆರಡು ಹಾಡುಗಳು

ಸಿಂದಗಿಯಲ್ಲಿ ಡಿಜೆ ಪ್ರೇಮಕುಮಾರ ಎಂದರೆ ಗೊತ್ತಿಲ್ಲದವರಿಲ್ಲ. ಟ್ರ್ಯಾಕ್ಟರ್ ಟ್ರ್ಯಾಲಿಯ ಮೇಲೆ ಎಂಟು ದೊಡ್ಡ ಸ್ಪೀಕರ್ ಡಬ್ಬಿ ಹೇರಿಕೊಂಡು ಅವನು ಮೆರವಣಿಗೆಗೆ ಇಳಿದನೆಂದರೆ ಓಣಿಯ ತಗಡೆಲ್ಲ ಗಡಗಡ ನಡುಗುತ್ತಿತ್ತು. ಹದಿಮೂರು ವರ್ಷ ಆ ಸದ್ದಿನ ಬೆನ್ನಿಗೇ ನಿಂತು ಅನ್ನ ದುಡಿದವನು. ಆದರೆ ಅವನಿಗೆ ಇಷ್ಟವಾದ ಹಾಡುಗಳು ಬೇರೆಯೇ ಇದ್ದವು. ಅದು ಗೊತ್ತಿದ್ದವನು ಗೆಳೆಯ ಕಾಂತು ಒಬ್ಬನೇ.

ಇಪ್ಪತ್ತರ ವಯಸ್ಸಿನಲ್ಲಿ ಪ್ರೇಮಕುಮಾರ ಪುಣೆಯ ಒಂದು ಹೋಟೆಲಿನಲ್ಲಿ ಎರಡು ವರ್ಷ ಸೌಂಡ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅಲ್ಲಿ ಸಂಜೆ ಹೊತ್ತು ಹಾಕುತ್ತಿದ್ದ ಇಂಗ್ಲಿಷ್ ಹಾಡುಗಳು ಅವನ ತಲೆಯಲ್ಲೇ ಉಳಿದುಬಿಟ್ಟವು. ಊರಿಗೆ ಬಂದ ಮೇಲೂ ಅವನ್ನು ಹುಡುಕಿ ಹುಡುಕಿ ಕೇಳುತ್ತಿದ್ದ. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ, ತನ್ನ ಡಿಜೆ ಅಂಗಡಿಯ ಹಿಂದಿನ ಬೇವಿನ ಮರ ಹೂ ಬಿಟ್ಟ ಮೇಲೆ, ಹನ್ನೆರಡು ಹಾಡು ಆರಿಸಿ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡುತ್ತಿದ್ದ. ಆ ಹಾಡುಗಳಲ್ಲಿ ಯಾವುದಕ್ಕೂ ಅವಸರವಿರುತ್ತಿರಲಿಲ್ಲ. ಒಂದರಲ್ಲಿ ಯಾರೋ ಹೆಣ್ಣುಮಗಳು ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದಂತೆ ಹಾಡುತ್ತಿದ್ದಳು. ಇನ್ನೊಂದರಲ್ಲಿ ಸ್ಯಾಕ್ಸೊಫೋನು ಮಧ್ಯಾಹ್ನದ ನಿದ್ದೆಯಿಂದ ಎದ್ದು ಮೈಮುರಿಯುತ್ತಿತ್ತು. ಅವನೂ ಕಾಂತುವೂ ಮರದ ಕೆಳಗೆ ಕೂತು ಇಯರ್‌ಫೋನಿನ ಒಂದೊಂದು ತುದಿ ಹಾಕಿಕೊಂಡು ಹನ್ನೆರಡನ್ನೂ ಕೇಳಿ ಮುಗಿಸುವರು. ಹೂವು ತಲೆಯ ಮೇಲೆ ಉದುರುತ್ತಿದ್ದರೂ ಕೊಡವಿಕೊಳ್ಳುತ್ತಿರಲಿಲ್ಲ.

ಕಾಂತು ಶಾಲೆಯ ದಿನಗಳಿಂದ ಜೊತೆಗಿದ್ದವನು. ಮೆರವಣಿಗೆಯಲ್ಲಿ ಡಬ್ಬಿಗಳ ಮೇಲೆ ನಿಂತು, ಅಡ್ಡ ಬರುವ ಕರೆಂಟಿನ ತಂತಿಗಳನ್ನು ಒಣಗಿದ ಬಿದಿರಿನಿಂದ ಎತ್ತಿ ಹಿಡಿಯುವ ಕೆಲಸ ಅವನದು. ಇಂಗ್ಲಿಷಿನ ಒಂದು ಮಾತೂ ತಿಳಿಯುತ್ತಿರಲಿಲ್ಲ. "ಇವು ಇಸ್ತ್ರಿ ಅಂಗಿ ಹಾಕ್ಕೊಂಡ ಹಾಡು ದೋಸ್ತ. ನಮ್ಮೂ ಬರೇ ಮೈಲೇ ಕುಣಿಯೂ ಹಾಡು" ಎಂದು ನಗುತ್ತಿದ್ದ.

ಈ ವರ್ಷ ನಾಲ್ಕನೆಯ ಹಾಡು ಶುರುವಾದಾಗ ಪ್ರೇಮಕುಮಾರ ಮುಖ ಸಿಂಡರಿಸಿದ. ಹಾಡಿನ ಮೊದಲಲ್ಲಿ ಸಣ್ಣ ಗಂಟೆಯಂಥದ್ದು ಏಳೆಂಟು ಸಲ ಬರುತ್ತಿತ್ತು. ಈಗ ಅದು ಇಲ್ಲ.

"ಫೈಲ್ ಕೆಟ್ಟೈತಿ. ಗಂಟಿ ಸಪ್ಪಳನ ಇಲ್ಲ" ಎಂದ.

"ಯಾಕಿಲ್ಲ? ಬಾರಸಾಕತ್ತೈತಲ್ಲೊ."

ಪ್ರೇಮಕುಮಾರ ಇಯರ್‌ಫೋನಿನ ತುದಿ ಅದಲು ಬದಲು ಮಾಡಿದ. ಹಾಡನ್ನು ಮತ್ತೆ ಇಳಿಸಿಕೊಂಡ. ಗಂಟೆ ಬರಲಿಲ್ಲ. ಕಾಂತುವಿನ ಬೆರಳು ಮಾತ್ರ ಮೊಣಕಾಲ ಮೇಲೆ ಅದರ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಪ್ರೇಮಕುಮಾರ ಆ ಬೆರಳನ್ನೇ ನೋಡುತ್ತ ತನ್ನ ಕಿವಿಯ ತುದಿ ತೆಗೆದ.

"ನಾಳೇನ ವಿಜಾಪುರಕ್ಕ ಹೋಗಿ ಕಿವಿ ತೋರಿಸ್ಕೊಂಡು ಬಾ" ಎಂದ ಕಾಂತು. "ಹೋಗಲಿಲ್ಲಂದ್ರ ನಾ ಡಬ್ಬಿ ಮ್ಯಾಲ ಹತ್ತಂಗಿಲ್ಲ ನೋಡು."

ಪ್ರೇಮಕುಮಾರ ಹೋದ. ಆಸ್ಪತ್ರೆಯಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಹಳ ಹೊತ್ತು ಅವನ ಬೆರಳು ಸುಮ್ಮನೇ ಇತ್ತು. ಹೊರಗೆ ಬಂದ ಮೇಲೆ ಡಾಕ್ಟರಮ್ಮ ಒಂದು ಕಾಗದ ತೋರಿಸಿದರು. ಅದರ ಮೇಲಿನ ಗೆರೆ ಬಲಗಡೆಗೆ ಹೋಗುತ್ತ ಬಾವಿಗೆ ಇಳಿದಂತೆ ಇಳಿದಿತ್ತು.

"ಸಣ್ಣ ಧ್ವನಿ, ಗಂಟಿ, ಸಿಳ್ಳೆ, ಇವು ನಿಮಗ ಕೇಳಸೂದಿಲ್ರಿ. ಹೋದದ್ದು ತಿರುಗಿ ಬರಂಗಿಲ್ಲ. ಡಿಜೆ ಇವತ್ತೇ ಬಿಡ್ರಿ, ಇಲ್ಲಂದ್ರ ಉಳದದ್ದೂ ಹೋಗ್ತೈತಿ."

ಸಿಳ್ಳೆ ಎಂಬ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಡಬ್ಬಿಗಳ ಮೇಲಿಂದ ಕಾಂತು ಟ್ರ್ಯಾಕ್ಟರ್ ನಿಲ್ಲಿಸುವುದಿದ್ದರೆ ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹಾಕುತ್ತಿದ್ದ; ಅದನ್ನು ಕೇಳಿ ಮುಂದೆ ನಡೆಯುವ ಪ್ರೇಮಕುಮಾರ ಕೈ ಅಡ್ಡ ಹಿಡಿಯಬೇಕು. ಬಸ್ಸಿನಲ್ಲಿ ಬರುವಾಗ ಪ್ರೇಮಕುಮಾರ ಅದನ್ನೇ ಯೋಚಿಸಿದ. ಹೇಳಿಬಿಡಬೇಕು ಅಂದುಕೊಂಡ. ಆದರೆ ಮದುವೆಯ ಸುಗ್ಗಿ ಎದುರಿಗಿತ್ತು. ಕಿವುಡ ಡಿಜೆ ಎಂದು ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಜನ ನಗುವುದು ಕಣ್ಣಿಗೆ ಕಟ್ಟಿತು. ಇದೊಂದು ಸುಗ್ಗಿ ಮುಗಿಯಲಿ ಎಂದು ಕಾಗದ ಮಡಚಿ ಕಿಸೆಗಿಟ್ಟ.

ಅಂಗಡಿಯ ಮುಂದೆ ಕಾಂತು ಕಾಯುತ್ತಿದ್ದ. "ಏನಂದ್ರು?"

"ಕಿವ್ಯಾಗ ಹೊಲಸು ತುಂಬಿತ್ತಂತ. ತಗದ್ರು."

ಕಾಂತು ಅವನ ಬೆನ್ನಿಗೊಂದು ಗುದ್ದಿ ನಕ್ಕ.

ಒಂದು ತಿಂಗಳ ಮೇಲೆ ದೇವರ ಹಿಪ್ಪರಗಿಯ ಆಚೆಯ ಹಳ್ಳಿಯೊಂದರಲ್ಲಿ ಮದುವೆ. ಮಧ್ಯಾಹ್ನದ ಹೊತ್ತಿಗೆ ಮೆರವಣಿಗೆ ಮುಗಿದು, ಸದ್ದೆಲ್ಲ ಬಂದ್ ಮಾಡಿ ಮೂವರೂ ಮರಳಿ ಹೊರಟರು. ಡ್ರೈವರ್ ಜೈನುದ್ದೀನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಾಂತು ಡಬ್ಬಿಗಳ ಮೇಲೆ ಬಿದಿರು ಹಿಡಿದು ನಿಂತಿದ್ದ. ಇಕ್ಕಟ್ಟಾದ ಓಣಿಯಲ್ಲಿ ಪ್ರೇಮಕುಮಾರ ಮುಂದೆ ನಡೆಯುತ್ತ, ಬಾ ಬಾ ಎಂದು ಕೈಮಾಡುತ್ತಿದ್ದ. ಇಂಜಿನ್ನಿನ ಸದ್ದು ಕಾಲ ಕೆಳಗೇ ಇದ್ದುದರಿಂದ ಜೈನುದ್ದೀನ ಆ ಕೈಯನ್ನೇ ನೋಡಿಕೊಂಡು ಗಾಡಿ ಬಿಡುತ್ತಿದ್ದ.

ಓಣಿಯ ತಿರುವಿನಲ್ಲಿ ತಂತಿ ಜೋತುಬಿದ್ದಿತ್ತು. ಕಾಂತು ಅದನ್ನು ಎತ್ತಿದ. ಅದರ ಹಿಂದೆಯೇ ಇನ್ನೊಂದು ತಂತಿ ಇತ್ತು. ಅವನು ಸಿಳ್ಳೆ ಹಾಕಿದ. ಪ್ರೇಮಕುಮಾರ ತಿರುವಿನ ಆಚೆ ನಿಂತಿದ್ದ ಎಮ್ಮೆಯನ್ನು ನೋಡುತ್ತ ಕೈಮಾಡುತ್ತಲೇ ಇದ್ದ.

ಅವನು ಹೊರಳಿ ನೋಡಿದ್ದು ಸುಟ್ಟ ವಾಸನೆಗೆ. ಎರಡನೆಯ ತಂತಿ ಕಾಂತುವಿಗೆ ತಗುಲಿ ಬಿದಿರು ಕೆಳಗೆ ಬಿದ್ದಿತ್ತು. ಕಾಂತು ಡಬ್ಬಿಗಳ ನಡುವೆ ಸಿಕ್ಕಿಕೊಂಡು ಒಂದು ಕೈ ಹೊರಗೆ ಚಾಚಿದ್ದ. ಕರೆಂಟು ತೆಗೆಸಿ ಇಳಿಸಿಕೊಳ್ಳುವ ಹೊತ್ತಿಗೆ ಜೀವ ಇರಲಿಲ್ಲ.

ಜನ ಸೇರಿದರು. ಜೈನುದ್ದೀನ ಗಾಲಿಗೆ ತಲೆಯೊತ್ತಿ ಅಳುತ್ತಿದ್ದ. "ಯಾರ್ದೂ ತಪ್ಪಿಲ್ಲಪಾ, ಟ್ಯಾಕ್ಟರ್ ಸಪ್ಪಳದಾಗ ಯಾರಿಗೆ ಕೇಳಸ್ತೈತಿ?" ಎಂದು ಯಾರೋ ಪ್ರೇಮಕುಮಾರನ ಭುಜ ಹಿಡಿದರು. ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ಮರೆವ್ವ ಎಂಬ ಮುದುಕಿ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು.

"ಮೂರು ಸಲ ಸೀಟಿ ಹೊಡದ್ನಲ್ಲೊ ತಮ್ಮಾ" ಎಂದಳು. "ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ನಿ, ನನಗ ಕೇಳಸ್ತು. ನೀ ಹತ್ತು ಹೆಜ್ಜಿ ಮುಂದ ಇದ್ದಿ."

ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡರು. ಟ್ರ್ಯಾಕ್ಟರಿನ ಸದ್ದಿನಲ್ಲಿ ಸಿಳ್ಳೆ ಕೇಳಿಸಲಿಲ್ಲ ಎಂದು ಬರೆಸಿ ಪ್ರೇಮಕುಮಾರ ಅದಕ್ಕೇ ಸಹಿ ಹಾಕಿದ.

ಮೂರನೆಯ ದಿನದ ಕಾರ್ಯವಾದ ಮೇಲೆ ಪ್ರೇಮಕುಮಾರ ಕಾಂತುವಿನ ಮನೆಗೆ ಹೋದ. ಹೆಂಡತಿ ಕೋಮಲ ಗೋಡೆಗೊರಗಿ ಕೂತಿದ್ದಳು. ಕಾಂತುವಿನ ಅಪ್ಪ ಹಣಮಂತ್ರಾಯ ಹೊರಸಿನ ಮೇಲೆ ಮಲಗಿದ್ದ.

"ಬಾ ಅಣ್ಣಾ" ಎಂದಳು ಕೋಮಲ. "ನಿನ್ನ ಕಿವಿ ಆರಾಮ ಆದ್ವು ಅಂದ ದಿನ ಅಂವ ಎಷ್ಟು ಖುಷಿ ಆಗಿದ್ದ ಗೊತ್ತೈತೇನು? ಬೇಕರಿಯಿಂದ ಖಾರ ಕಟ್ಟಿಸ್ಕೊಂಡು ಬಂದಿದ್ದ. ಮುಂದಿನ ವರ್ಷ ನಿಮ್ಮ ಆ ಇಂಗ್ಲಿಷ್ ಹಾಡು ನನಗೂ ಕೇಳಸ್ತೇನಿ ಅಂದಿದ್ದ."

ಪ್ರೇಮಕುಮಾರ ಕಿಸೆಯಿಂದ ಕಾಗದ ತೆಗೆದು ಅವಳ ಮುಂದೆ ಇಟ್ಟ.

"ಆರಾಮ ಆಗಿರಲಿಲ್ಲ ತಂಗಿ. ಅಂವಗ ಸುಳ್ಳು ಹೇಳಿದ್ನಿ. ಸೀಟಿ ನನಗ ಕೇಳಸಂಗಿಲ್ಲಂತ ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಅಂವನ್ನ ಮ್ಯಾಲ ಹತ್ತಿಸಿದ್ನಿ."

ಕೋಮಲ ಕಾಗದ ಮುಟ್ಟಲಿಲ್ಲ. ಹೊರಸಿನ ಕಡೆ ಬೆರಳು ಮಾಡಿ, "ಅಲ್ಲಿ ಹೇಳು. ಹಡದ ಅಪ್ಪಗ ಹೇಳು" ಎಂದಳು.

ಅವನು ಹೊರಸಿನ ಹತ್ತಿರ ಕೂತು ಅದೇ ಮಾತನ್ನು ಮೊದಲಿಂದ ಹೇಳಿದ. ಹಣಮಂತ್ರಾಯ ಕಣ್ಣು ತೆರೆದ. ಅವನ ತುಟಿಗಳು ಅಲುಗಿದವು. ಎರಡು ಮಾತು ಇರಬಹುದು, ಮೂರು ಇರಬಹುದು. ಮುದುಕನ ದನಿ ಮೊದಲೇ ಸಣ್ಣದು. ಪ್ರೇಮಕುಮಾರನಿಗೆ ಉಸಿರಷ್ಟೇ ಕೇಳಿಸಿತು.

"ಏನಂದ್ರಿ ಕಾಕಾ?"

ಮುದುಕ ಗೋಡೆಯ ಕಡೆ ಹೊರಳಿದ. ಪ್ರೇಮಕುಮಾರ ಕೋಮಲಳ ಕಡೆ ನೋಡಿದ. ಅವಳಿಗೆ ಕೇಳಿಸಿತ್ತು, ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಬೈದನೋ, ಕ್ಷಮಿಸಿದನೋ ಅವಳು ಹೇಳಲಿಲ್ಲ. ಅವನಿಗೆ ಕೇಳುವ ಧೈರ್ಯವಾಗಲಿಲ್ಲ.

ಅಲ್ಲಿಂದ ಎದ್ದವನು ನೇರ ಪೊಲೀಸ್ ಸ್ಟೇಷನ್ನಿಗೆ ಹೋದ. ತಾನು ಮೊದಲು ಬರೆಸಿದ್ದು ಸುಳ್ಳು, ಮತ್ತೊಮ್ಮೆ ಬರೆದುಕೊಳ್ಳಿರಿ ಎಂದ. ಪೊಲೀಸಿನವನು ಪೆನ್ನು ಹಿಡಿದು ಏನೋ ಕೇಳಿದ. ಪ್ರೇಮಕುಮಾರ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಸ್ವಲ್ಪ ಜೋರ ಹೇಳ್ರಿ ಸಾಹೇಬ್ರ, ನನಗ ಕಿವಿ ಕೇಳಸಂಗಿಲ್ಲ" ಎಂದ. ಆ ಮಾತನ್ನು ಹೊರಗಿನವರ ಮುಂದೆ ಅವನು ಆಡಿದ್ದು ಅದೇ ಮೊದಲು.