ಜೂನ್ ಒಂದು

ಮೂರನೆಯ ಸಲವೂ ಡ್ರೈವು ಕರಕರ ಎಂದು ನಿಂತಿತು. ವಿಜಯಶ್ರೀ ಫ್ಲಾಪಿಯನ್ನು ಹೊರತೆಗೆದು, ಲೋಹದ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದಳು. ಒಳಗಿನ ಕಂದು ಹಾಳೆಯ ಮೇಲೆ ಕೂದಲೆಳೆಯಂಥ ಹೊಸ ಗೀರು. ಓದಿದಷ್ಟೂ ಸವೆಯುವ ವಸ್ತು. ಇನ್ನೊಂದು ಸಲ ತಡೆದರೆ ಹೆಚ್ಚು.

"ಬರಲಿಲ್ಲೇನ್ರಿ ಅಕ್ಕಾರ?" ಸ್ಟೂಲಿನ ತುದಿಯಲ್ಲಿ ಕೂತಿದ್ದ ಮಾಳಿಂಗರಾಯ ಪೂಜಾರಿ ಕೇಳಿದ. ಕೊಲ್ಹಾರದ ಕಡೆಯಿಂದ ಬಸವನ ಬಾಗೇವಾಡಿಗೆ, ಅವಳು ಕೆಲಸ ಮಾಡುವ ಈ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಅವನು ಬಂದದ್ದು ಇದು ಎರಡನೆಯ ಸಲ.

"ತಡೀರಿ. ಬೂಸರ ಹತ್ತೈತಿ." ಅವಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಾಳೆಯನ್ನು ಇಷ್ಟಿಷ್ಟೇ ತಿರುಗಿಸುತ್ತ ಒರೆಸತೊಡಗಿದಳು.

"ಕೂಸಿನ ಕಿವಿ ಒರಸಿದಾಂಗ ಒರಸಾಕತ್ತೀರಲ್ರಿ."

"ಕೂಸಾದ್ರ ಅಳತಿತ್ತು. ಇದು ಹೇಳದ ಕೇಳದ ಸಾಯ್ತೈತಿ."

ಇಪ್ಪತ್ತೆಂಟು ವರ್ಷಗಳ ಹಿಂದೆ, ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಅವನ ಊರಿನ ಸಂತ್ರಸ್ತರ ಹೆಸರುಗಳ ಯಾದಿಯನ್ನು ಕಂಪ್ಯೂಟರಿಗೆ ಏರಿಸಿದವಳು ಅವಳೇ. ಆಗಷ್ಟೇ ಬಿ.ಎಸ್ಸಿ. ಮುಗಿಸಿ ಒಂದು ಟೈಪಿಂಗ್ ಅಂಗಡಿಯಲ್ಲಿದ್ದಳು. ಯಾದಿಯಲ್ಲಿ ಹೆಸರಿದ್ದವರಿಗೆ ಹೊಸ ಊರಿನಲ್ಲಿ ಜಾಗ ಸಿಕ್ಕಿತು. ಮಾಳಿಂಗರಾಯ ಪೂಜಾರಿ ಎಂಬ ಹೆಸರು ಅದರಲ್ಲಿ ಒಂದೇ ಇತ್ತು. ಜಾಗ ಇವನು ಅಣ್ಣ ಎನ್ನುವ ದೊಡ್ಡಪ್ಪನ ಮಗನಿಗೆ ಹೋಯಿತು. ಅವನೂ ಮಾಳಿಂಗರಾಯನೇ, ಇಬ್ಬರಿಗೂ ಅಜ್ಜನ ಹೆಸರು. ಅಂದಿನಿಂದ ಇವನು ಹೊಸ ಊರಿನ ಗುಡಿಯ ಹಿಂದಿನ ಖುಲ್ಲಾ ಜಾಗದಲ್ಲಿ ತಗಡಿನ ಮನೆ ಹಾಕಿಕೊಂಡಿದ್ದ. ಈಗ ಅದನ್ನೂ ತೆರವು ಮಾಡಬೇಕೆಂದು ನೋಟೀಸು ಬಂದಿತ್ತು. ಮೊದಲ ಯಾದಿಯಲ್ಲಿ ತನ್ನ ಹೆಸರು ತೋರಿಸಿದರೆ ಮಾತ್ರ ಉಳಿಗಾಲ. ಅದರ ಕೈಬರಹದ ಕಾಗದವನ್ನು ಗೆದ್ದಲು ತಿಂದಿತ್ತು. ಉಳಿದದ್ದು ವಿಜಯಶ್ರೀಯ ಟ್ರಂಕಿನಲ್ಲಿದ್ದ ಈ ಫ್ಲಾಪಿ, ತಿದ್ದುವ ಮೊದಲಿನ ಪ್ರತಿ.

"ನನ್ನ ಹೆಸರ ತೆಗಸಿದಾಂವ ನಮ್ಮಣ್ಣನ ರೀ," ಎಂದ ಮಾಳಿಂಗರಾಯ. "ಅಂವ ಸಾಯೂತನಕಾ ನಾ ಮಾತಾಡಸಲಿಲ್ಲ. ಹ್ವಾದ ವರ್ಷ ಹೋದ. ಮಣ್ಣಿಗೂ ಹೋಗಲಿಲ್ಲ."

ವಿಜಯಶ್ರೀ ಫ್ಲಾಪಿಯನ್ನು ಮತ್ತೆ ಒಳಗೆ ತಳ್ಳಿದಳು. ಡ್ರೈವು ತಡವರಿಸಿ, ನಿಂತು, ಮತ್ತೆ ತಿರುಗಿತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ದೊಡ್ಡಕ್ಷರದ ಸಾಲುಗಳು ಇಳಿಯತೊಡಗಿದವು. ನೂರಾ ಹದಿನೆಂಟನೆಯದು: ಮಾಳಿಂಗರಾಯ ಪೂಜಾರಿ, ಹನುಮಂತದೇವರ ಓಣಿ, ಜನನ ೧-೬-೧೯೭೪. ಅದರ ಕೆಳಗೆ ಅದೇ ಹೆಸರು, ಅದೇ ಓಣಿ, ಅದೇ ತಾರೀಖು.

ಅವಳ ಕೈ ಕೀಲಿಮಣೆಯ ಮೇಲೇ ನಿಂತಿತು. ಒಂದೇ ಸಾಲನ್ನು ಎರಡು ಸಲ ಹೊಡೆದಿದ್ದೇನೆಂದು ತಿಳಿದು ಒಂದನ್ನು ಅಳಿಸಿದವಳು ತಾನೇ. ತಪ್ಪು ಹಿಡಿದೆನೆಂದು ಅಂಗಡಿಯ ಮಾಲೀಕರ ಮುಂದೆ ಹೆಮ್ಮೆಯಿಂದ ಹೇಳಿಯೂ ಇದ್ದಳು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದನ್ನೇ ಬರೆಯುತ್ತಿದ್ದರು. ಅವಳ ಸ್ವಂತ ಶಾಲಾ ದಾಖಲೆಯಲ್ಲಿದ್ದದ್ದೂ ಜೂನ್ ಒಂದೇ.

ಪರದೆ ಅವಳ ಕಡೆಗಷ್ಟೇ ಮುಖ ಮಾಡಿತ್ತು. ಫ್ಲಾಪಿಯಿಂದ ಕಂಪ್ಯೂಟರಿಗೆ ಪ್ರತಿ ಇನ್ನೂ ತೆಗೆದಿರಲಿಲ್ಲ. ಇನ್ನೊಮ್ಮೆ ಓದಿಸಿದರೆ ಸಾಕು, ಆ ಗೀರು ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಬರಲಿಲ್ಲ ಎಂದರೆ ಅವನು ಕೈಮುಗಿದು ಎದ್ದು ಹೋಗುತ್ತಿದ್ದ. ಅದಕ್ಕಿಂತ ಹೆಚ್ಚು ಕೇಳುವವನಲ್ಲ.

ಅವಳು ಮೊದಲು ಪ್ರತಿ ಉಳಿಸಿದಳು. ಆಮೇಲೆ ಪರದೆಯನ್ನು ಅವನತ್ತ ತಿರುಗಿಸಿದಳು.

"ನಿಮ್ಮಣ್ಣ ತೆಗಸಿಲ್ರಿ. ಎರಡೂ ಒಂದ ಅಂತ ತಿಳಿದು ನಾನ ಒಂದ ಸಾಲ ಅಳಿಸೇನಿ. ಹಂಗಂತ ಬರದು, ಸಹಿ ಮಾಡಿ ಕೊಡ್ತೇನಿ."

ಮಾಳಿಂಗರಾಯ ಮುಂದೆ ಬಾಗಿ ಮೇಲಿನ ಸಾಲಿನ ಮೇಲೆ ಬೆರಳಿಟ್ಟ. ಕೆಳಗಿನದಕ್ಕೆ ಸರಿಸಿದ. ಮತ್ತೆ ಮೇಲೆ ತರುತ್ತ ನಡುವೆಯೇ ನಿಲ್ಲಿಸಿದ.

"ಇದರಾಗ ಅಣ್ಣ ಯಾವಾಂವ್ರಿ, ಅಕ್ಕಾರ?"

ವಿಜಯಶ್ರೀ ಎರಡೂ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದಳು. ಅವನ ಬೆರಳು ಗಾಜಿನ ಮೇಲೆ, ಆ ಎರಡರ ನಡುವಿನ ಕಪ್ಪು ಸಂದಿಯಲ್ಲಿ ಹಾಗೇ ಇತ್ತು.