ಯಾರು ಹೇಳಿದರು ಎಂದು ಇರುವೆ ಕೇಳಿತು

ನವಲಗುಂದದ ರೇಷ್ಮಾಬಿಯ ಮನೆಯಲ್ಲಿ ಮಗ್ಗ ಇಡೀ ಗೋಡೆಯಷ್ಟು ಅಗಲ. ಇಬ್ಬರು ಬಾಜು ಬಾಜು ಕೂತು ಜಮಖಾನೆ ನೇಯುವ ಮಗ್ಗ ಅದು. ಅತ್ತೆ ಹಜರತಬಿ ಇರುವವರೆಗೆ ಅತ್ತೆ ಸೊಸೆ ಜೊತೆಯಲ್ಲೇ ನೂಲು ಬಡಿಯುತ್ತಿದ್ದರು, ಮಾತೂ ನಡೆಯುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ರೇಷ್ಮಾಬಿ ಈ ತುದಿಯಲ್ಲಿ ಅರ್ಧ ನೇಯುತ್ತಾಳೆ, ಎದ್ದು ಆ ತುದಿಗೆ ಹೋಗಿ ಉಳಿದರ್ಧ ನೇಯುತ್ತಾಳೆ. ಗಂಡ ಅಬ್ದುಲಮಜೀದ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಯ ಅಂಗಡಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ದಿನವೆಲ್ಲ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ.

ಮಗಳು ಶಗುಫ್ತಾ ಇದ್ದಾಳಲ್ಲ ಎನ್ನುತ್ತೀರಿ. ಇದ್ದಾಳೆ, ಎಂಟನೇ ತರಗತಿ. ಆದರೆ ಆ ಮನೆತನದ ಕಟ್ಟಳೆಯೇ ಬೇರೆ. ಕಸುಬನ್ನು ಸೊಸೆಗೆ ಕಲಿಸಬೇಕು, ಮಗಳಿಗಲ್ಲ. ಮದುವೆಯಾದ ಮಗಳು ಕಸುಬನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾಳಂತೆ. ಹಾಗಾಗಿ ಹುಡುಗಿ ಮಗ್ಗದ ಕೋಣೆಯ ಹೊಸ್ತಿಲು ದಾಟಿದವಳಲ್ಲ. ಅವಳು ಪಡಸಾಲೆಯಲ್ಲಿ, ತಾಯಿ ಒಳಗೆ. ಒಂದೇ ಸೂರಿನಡಿ ಇಬ್ಬರೂ ಒಂಟಿ.

ಒಂದು ಸಂಜೆ ಶಗುಫ್ತಾ ಶಾಲೆಗೆ ಬರೆದ ಪ್ರಾಜೆಕ್ಟನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ವಿಷಯ, ನಮ್ಮೂರಿನ ಜಮಖಾನೆ. ಮೊಬೈಲಿನಲ್ಲಿ ಸಿಕ್ಕಿದ್ದನ್ನು ಹಾಗೇ ಇಳಿಸಿದ್ದಳು: 'ಇದನ್ನು ಗಂಡಸರು ಕಾರ್ಖಾನೆಯಲ್ಲಿ ಉಣ್ಣೆಯಿಂದ ನೇಯುತ್ತಾರೆ.' ಒಳಗೆ ಹತ್ತಿ ನೂಲು ಹಿಡಿದಿದ್ದ ರೇಷ್ಮಾಬಿಯ ಕೈ ನಿಂತಿತು. ಮನೆಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವುದೆಂದರೆ ಇದೇ ನೋಡಿ. ಅವಳಿಗೆ ನಗು ಬರಬೇಕಿತ್ತು, ಅಳು ಬಂತು. ಹೆತ್ತ ಮಗಳಿಗೇ ತಾನು ಕಾಣುತ್ತಿಲ್ಲ ಎನಿಸಿತು. ಮತ್ತೆ ನೂಲು ಬಡಿಯತೊಡಗಿದಳು.

ಆ ವಾರವೇ ಶಿಕ್ಷಕಿ ಸುಧಾರಾಣಿ ಹುಡುಗಿಯೊಂದಿಗೆ ಮನೆಗೆ ಬಂದರು. ಕೈಯಲ್ಲಿ ಶಾಲೆಯ ಟ್ಯಾಬು, ಅದರಲ್ಲೊಂದು ಚಿತ್ರಕಥೆಯ ಪುಸ್ತಕ. ಆ ಕಥೆಯ ಕಾಗೆ ಕೇಳಿದ್ದನ್ನೆಲ್ಲ ನಂಬಿ ಊರಿಗೆ ಸಾರುತ್ತದೆ. ಪುಟ್ಟ ಇರುವೆಯೊಂದು ಪ್ರತಿ ಪುಟದಲ್ಲೂ ಅದನ್ನು ತಡೆಯುತ್ತದೆ. ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಇನ್ನೊಬ್ಬರನ್ನು ಕೇಳಿದೆಯಾ? ಓದುವ ಮಕ್ಕಳು ತಮ್ಮ ಪ್ರಾಜೆಕ್ಟಿನಲ್ಲೂ ಇದೇ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಶಗುಫ್ತಾ ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದಿದ್ದಳು. 'ಮೊಬೈಲು' ಎಂದು ಬರೆದಿದ್ದಳು, ಅದು ಯಾರ ಹೆಸರೂ ಅಲ್ಲವಲ್ಲ. ಅದಕ್ಕೇ ಶಿಕ್ಷಕಿ ಬಂದಿದ್ದರು.

ರೇಷ್ಮಾಬಿ ಮೂಗು ಮುರಿದಳು. "ದೊಡ್ಡವ್ರ ಮಾತ ಕೇಳದ ಹುಡುಗ್ರಿಗೆ ಟ್ಯಾಬಿನ ಇರಿವಿ ಬುದ್ಧಿ ಹೇಳತೈತೇನ್ರಿ ಬಾಯಾರ?"

"ನಾ ಹೇಳಿದ್ರ ಬೈದಂಗ ಆಕ್ಕೈತ್ರಿ. ಇರಿವಿ ಕೇಳಿದ್ರ ಆಟ ಅಂತ ತಾವ ಉತ್ತರ ಹುಡುಕ್ತಾರ," ಎಂದರು ಸುಧಾರಾಣಿ. ಮೊಬೈಲಿನದೆಲ್ಲ ಸುಳ್ಳಲ್ಲ ಎಂದೂ ತಿಳಿಸಿದರು. ಬರೆದವರು ಯಾರು, ಯಾವಾಗ ಬರೆದರು ಎಂದು ನೋಡಬೇಕು, ಇನ್ನೊಂದು ಕಡೆ ತಾಳೆ ಹಾಕಬೇಕು. ಯಾರಿಂದ ತೆಗೆದುಕೊಂಡೆವೋ ಅವರ ಹೆಸರು ಹಾಕಬೇಕು. ಬಲ್ಲವರು ಮನೆಯಲ್ಲೇ ಇದ್ದರೆ ಅವರ ಹೆಸರೂ ಪುಸ್ತಕದ ಹೆಸರಿನಷ್ಟೇ ದೊಡ್ಡದು.

ರೇಷ್ಮಾಬಿಗೆ ಅತ್ತೆಯ ನೆನಪಾಯಿತು. ಹಿಂದೊಮ್ಮೆ ಯಾರೋ ಬಂದು ಅತ್ತೆ ನೇಯುವ ಫೋಟೊ ತೆಗೆದುಕೊಂಡು ಹೋಗಿದ್ದರು. ಫೋಟೊ ಅಚ್ಚಾಯಿತು, ಕೆಳಗೆ 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ಅತ್ತೆ ಸಾಯುವವರೆಗೂ ಅದರ ಮಾತೆತ್ತಲಿಲ್ಲ.

"ಅಮ್ಮೀ, ಜಮಖಾನಿ ಮ್ಯಾಲ ನವಿಲು ಹೆಂಗ ಮೂಡಸ್ಬೇಕಂತ ನಿನಗ ಯಾರು ಹೇಳಿಕೊಟ್ರು?" ಶಗುಫ್ತಾ ಹೊಸ್ತಿಲಾಚೆ ನಿಂತೇ ಕೇಳಿದಳು.

ಇಷ್ಟು ವರ್ಷ ಯಾರೂ ಕೇಳದ ಮಾತು. ರೇಷ್ಮಾಬಿ ಮೆಲ್ಲಗೆ ಹೇಳತೊಡಗಿದಳು. ಮೊದಲ ನವಿಲಿಗೆ ಕತ್ತು ಸೊಟ್ಟಗಾಗಿದ್ದು, ಅತ್ತೆ ಬೈಯದೆ ಪೂರ್ತಿ ಬಿಚ್ಚಿಸಿದ್ದು, ಮತ್ತೆ ಕೈ ಹಿಡಿದು ನೇಯಿಸಿದ್ದು. ಮಗಳು ಉಣ್ಣೆ, ಕಾರ್ಖಾನೆಯ ಸಾಲನ್ನು ಹೊಡೆದುಹಾಕಿ ಎಲ್ಲ ಬರೆದುಕೊಂಡಳು. ಇರುವೆಯ ಕೊನೆಯ ಪ್ರಶ್ನೆ ಉಳಿದಿತ್ತು, ಅದಕ್ಕೆ ಓಣಿಯ ಇನ್ನೊಬ್ಬ ನೇಕಾರ್ತಿ ಶಹನಾಜಳ ಮನೆಗೂ ಹೋಗಿ ವಿಚಾರಿಸಿ ಬಂದಳು.

ಮರುದಿನ ಪ್ರಾಜೆಕ್ಟಿನ ಕೊನೆಯ ಸಾಲುಗಳನ್ನು ತಾಯಿಗೆ ಓದಿದಳು: 'ಹೇಳಿದವರು ರೇಷ್ಮಾಬಿ, ನೇಕಾರರು, ನವಲಗುಂದ. ಅವರಿಗೆ ಕಲಿಸಿದವರು ಅವರ ಅತ್ತೆ ಹಜರತಬಿ. ಸರಿಯೇ ಎಂದು ಶಹನಾಜ ಅವರನ್ನೂ ಕೇಳಿದ್ದೇನೆ.'

"ಅತ್ತಿ ಹೆಸರು ಇನ್ನೊಮ್ಮೆ ಓದು," ಎಂದಳು ರೇಷ್ಮಾಬಿ.

ಓದಿದಳು. ರೇಷ್ಮಾಬಿ ಮಗ್ಗದ ಖಾಲಿ ತುದಿಯನ್ನೇ ನೋಡುತ್ತ ಕೂತಳು. ಮಗಳಿಗೆ ಕಲಿಸಬಾರದು ಎಂದು ಯಾರು ಹೇಳಿದರು? ಹಿರಿಯರು. ಯಾವ ಹಿರಿಯರು? ಹೆಸರು ಹೊಳೆಯಲಿಲ್ಲ. ಅತ್ತೆ ಕೂಡ ಬರೀ 'ಹಿರಿಯರು' ಎಂದಿದ್ದರು. ಹೆಸರೇ ಗೊತ್ತಿಲ್ಲದ ಮಾತಿಗೆ ಕಟ್ಟುಬಿದ್ದು ಇಷ್ಟು ದಿನ ಒಬ್ಬಳೇ ಕೂತಿದ್ದಳು.

"ಒಳಗ ಬಾ," ಎಂದಳು. "ಆ ತುದಿಗಿ ಕೂಡು."

ಓದಿದ ತಾಯಂದಿರೇ, ತಂದೆಯರೇ, ಇವತ್ತು ನಿಮ್ಮ ಮಕ್ಕಳ ಪ್ರಾಜೆಕ್ಟು ತೆರೆದು ಕೊನೆಯಲ್ಲಿ ಯಾರ ಹೆಸರಿದೆ ನೋಡಿ. ಇಲ್ಲದಿದ್ದರೆ ಆ ಇರುವೆಯ ಹಾಗೆ ಕೇಳಿ, ಬೈಯಬೇಡಿ. ಅವರು ನಿಮ್ಮನ್ನೇ ಕೇಳಲು ಬಂದರೆ ಕೈಯ ಕೆಲಸ ಬದಿಗಿಟ್ಟು ಹೇಳಿ. ನಿಮಗೆ ಹೇಳಿಕೊಟ್ಟವರ ಹೆಸರನ್ನೂ ಬರೆಸಿ. ಅವರು ಬಹಳ ಕಾಲದಿಂದ ಹೆಸರಿಲ್ಲದೆ ಇದ್ದಾರೆ.