ಊದದ ಮೂರು ಸೆಕೆಂಡು

ಪಂದ್ಯಕ್ಕೆ ಮುಂಚೆ ಆಟಗಾರರ ಬೂಟಿನ ಅಡಿ ಮುಟ್ಟಿ ನೋಡುವುದು ಸೀಟಿ ಮೇಷ್ಟ್ರಿಗೆ ಊಟಕ್ಕೆ ಮುಂಚೆ ಕೈ ತೊಳೆದಷ್ಟೇ ಸಹಜ. ಹಿಡಿತಕ್ಕಿರುವ ಸ್ಟಡ್ ಮೊಳೆ ಸವೆದು ಚೂಪಾಗಿದ್ದರೆ ಬದಲಾಯಿಸಲು ಹೇಳುತ್ತಿದ್ದರು. ಉಗುರು ಬೆಳೆದಿದ್ದರೆ ತಮ್ಮ ಜೇಬಿನಿಂದಲೇ ಉಗುರು ಕತ್ತರಿ ತೆಗೆದು ಕೊಡುತ್ತಿದ್ದರು. ವಾರವೆಲ್ಲ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಹೇಳಿ ಶನಿವಾರ ರಗ್ಬಿ ಪಂದ್ಯಗಳಿಗೆ ರೆಫರಿಯಾಗುತ್ತಿದ್ದ ಅವರಿಗೆ ಆ ಹೆಸರು ಎರಡೂ ಕಡೆಯಿಂದ ಅಂಟಿಕೊಂಡಿತ್ತು.

ಆ ಶನಿವಾರ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬೆಂಚಿನ ಕೊನೆಯ ಜೋಡಿ ಬೂಟಿಗೆ ಬಗ್ಗಿದವರು ತಲೆ ಎತ್ತಿ ನೋಡಿ ಹಾಗೇ ನಿಂತರು.

"ಆಡ್ತೀಯಾ ಇವತ್ತು?"

"ಆಡ್ತೀನಿ ಸರ್," ಎಂದ ಅಣ್ಣ.

ಅವನ ತಮ್ಮನೂ ಇದೇ ತಂಡದಲ್ಲಿ ಆಡುತ್ತಿದ್ದುದರಿಂದ ಇಡೀ ತಂಡಕ್ಕೆ ಅವನು ಅಣ್ಣನಾಗಿದ್ದ. ತಮ್ಮ ಈಗ ಆಡುವುದಿಲ್ಲ. ಕುತ್ತಿಗೆಯಿಂದ ಕೆಳಗೆ ಅವನ ಮೈ ಅವನ ಮಾತು ಕೇಳದೆ ಒಂದು ವರ್ಷವಾಯಿತು. ಆ ವರ್ಷವಿಡೀ ಮೇಷ್ಟ್ರು ಎಲ್ಲಿ ಸೀಟಿ ಹಿಡಿದರೂ ಅಣ್ಣ ಅಲ್ಲಿ ಹಾಜರಿರುತ್ತಿದ್ದ. ಬೇಲಿಯ ಕಂಬಿ ಹಿಡಿದು, ಚೆಂಡನ್ನು ಬಿಟ್ಟು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದ. ಜನ ಕುಣಿದು ಕೂಗಿದರೂ ಅತ್ತ ತಿರುಗುತ್ತಿರಲಿಲ್ಲ. "ನಿಮ್ಮ ನೆರಳು ಬಂತು ನೋಡಿ ಸರ್," ಎಂದು ಗೆರೆ ಕಾಯುವ ರೆಫರಿ ತಮಾಷೆ ಮಾಡುತ್ತಿದ್ದ. ಮೇಷ್ಟ್ರಿಗೆ ನಗು ಬರುತ್ತಿರಲಿಲ್ಲ. ಇವನಿಗೆ ಗೊತ್ತಾಗಿದೆ, ಇವತ್ತಲ್ಲ ನಾಳೆ ಬಾಯಿಬಿಡುತ್ತಾನೆ ಎಂದು ಅವರು ಪ್ರತಿ ಶನಿವಾರ ಹೆದರುತ್ತಿದ್ದರು.

ಗೊತ್ತಾಗಬಾರದ ಸಂಗತಿ ಇಷ್ಟೇ. ಸ್ಕ್ರಮ್ಮಿನಲ್ಲಿ ಎರಡೂ ತಂಡದ ಎಂಟೆಂಟು ಜನ ಹೆಗಲು ಹೆಣೆದು ಎದುರುಬದುರು ತಳ್ಳುತ್ತಾರೆ. ಹೋದ ವರ್ಷದ ಆ ಪಂದ್ಯದಲ್ಲಿ ಮುಂದಿನ ಸಾಲಿನಲ್ಲಿ ತಮ್ಮ, ಅವನ ಬೆನ್ನ ಹಿಂದೆ ಎರಡನೆಯ ಸಾಲಿನಲ್ಲಿ ಅಣ್ಣ. ಸ್ಕ್ರಮ್ ಕುಸಿಯಿತು. ಕುಸಿದರೆ ಆ ಕ್ಷಣವೇ ಊದಬೇಕು, ಯಾರ ಲಾಭಕ್ಕೂ ಕಾಯುವಂತಿಲ್ಲ. ನಿಯಮ ಮೇಷ್ಟ್ರಿಗೆ ಬಾಯಿಪಾಠ. ಆದರೆ ಚೆಂಡು ಆಗಲೇ ಅಣ್ಣತಮ್ಮಂದಿರ ತಂಡದ ಹಿಂದಿನವನ ಕಾಲಿಗೆ ಉರುಳುತ್ತಿತ್ತು, ಅಂಕ ಗಳಿಸುವ ಗೆರೆ ಐದೇ ಮೀಟರ್ ದೂರದಲ್ಲಿತ್ತು. ಇಷ್ಟು ಬೆವರು ಸುರಿಸಿ ಗಳಿಸಿದ್ದನ್ನು ಊದಿ ಕಿತ್ತುಕೊಂಡರೆ ಅನ್ಯಾಯವಲ್ಲವೇ ಎಂದು ಅವರಿಗೆ ಅನ್ನಿಸಿತು. ಸೀಟಿ ತುಟಿಯ ಮೇಲೇ ಇತ್ತು. ಕೆಳಗಿನಿಂದ ಕೂಗು ಬಂದ ಮೇಲೆ ಊದಿದರು.

ಸಂಜೆ ವರದಿಯಲ್ಲಿ 'ಸ್ಕ್ರಮ್ ಕುಸಿದ ತಕ್ಷಣ ಸೀಟಿ ಊದಿದೆ' ಎಂದು ಬರೆದರು. ಬರೆಯುವಾಗ ಸುಳ್ಳು ಅನ್ನಿಸಲಿಲ್ಲ. ಆ ಪಂದ್ಯದ ವೀಡಿಯೊ ಯಾರೂ ತೆಗೆದಿರಲಿಲ್ಲ. ರಗ್ಬಿ ಸಂಘದ ಸಮಿತಿ ವರದಿ ಓದಿ, ಸೀಟಿಯ ನಂತರವೂ ಹಿಂದಿನವರು ತಳ್ಳಿದ್ದೇ ಅನಾಹುತಕ್ಕೆ ಕಾರಣ ಎಂದು ತೀರ್ಮಾನಿಸಿತು. ಹೆಸರು ಹಾಕಲಿಲ್ಲ. ತಮ್ಮನ ಹಿಂದೆ ಇದ್ದವನು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಶುರುವಾಯಿತು ಲೆಕ್ಕ. ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಬೀಳುವ ಸ್ಕೇಲನ್ನು ಬೆರಳಲ್ಲಿ ಹಿಡಿದು, ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದರು. ಕಾಲು ಸೆಕೆಂಡಿಗಿಂತ ಹೆಚ್ಚು ಯಾರಿಗೂ ಹಿಡಿಯುತ್ತಿರಲಿಲ್ಲ. ಮೇಷ್ಟ್ರು ಕಿಟಕಿಯ ಬಳಿ ನಿಂತು, ಚೆಂಡು ಉರುಳಿದ ದೂರವನ್ನೂ ಎಣಿಸಿದ ಉಸಿರನ್ನೂ ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡುತ್ತಿದ್ದರು. ಪ್ರತಿ ಸಲವೂ ಮೂರು ಸೆಕೆಂಡು. ಅದರಲ್ಲಿ ಕಾಲು ಸೆಕೆಂಡು ನರದ್ದು. ಉಳಿದದ್ದು ಅವರದೇ. ಮೂರು ಸೆಕೆಂಡಿನಲ್ಲಿ ಕಲ್ಲು ನಲವತ್ತನಾಲ್ಕು ಮೀಟರ್ ಬೀಳುತ್ತದೆ ಎಂದು ಬೋರ್ಡಿನ ಮೇಲೆ ಬರೆದ ದಿನ ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಮಕ್ಕಳು ಮುಸಿಮುಸಿ ನಕ್ಕರು. ತರಗತಿಯ ಮಧ್ಯೆ ಎಲ್ಲರೂ ಸುಮ್ಮನಾದಾಗಲೆಲ್ಲ ಅವರಿಗೆ ಹುಲ್ಲಿನಡಿಯಿಂದ ಯಾರೋ ಸೀಟಿಗಾಗಿ ಕಾಯುತ್ತಿರುವ ಉಸಿರು ಕೇಳಿಸುತ್ತಿತ್ತು.

ಅಣ್ಣ ಮತ್ತೆ ಆಡಲು ಬಂದ ಶನಿವಾರದ ಪಂದ್ಯ ಶುರುವಾಯಿತು. ಮೊದಲ ಸ್ಕ್ರಮ್ಮಿಗೆ ಮೇಷ್ಟ್ರು ಬಗ್ಗಿ, ಹಿಡಿಯಿರಿ, ಸೇರಿ ಎಂಬ ಕರೆ ಕೂಗಿದರು: "ಕ್ರೌಚ್... ಬೈಂಡ್... ಸೆಟ್!" ಎರಡು ಗುಂಪು ಢಿಕ್ಕಿ ಹೊಡೆದವು. ಎರಡನೆಯ ಸಾಲಿನಲ್ಲಿ ಅಣ್ಣ ಹೆಗಲು ಕೊಟ್ಟ ಹಾಗೆ ಮಾಡಿ ತಲೆ ಹೊರಗೆಳೆದುಕೊಂಡ. ಅವನ ಮುಂದಿದ್ದವನ ಬೆನ್ನು ಬಿಲ್ಲಿನಂತೆ ಬಾಗಿತು. ಮೇಷ್ಟ್ರು ತಟ್ಟನೆ ಊದಿದರು.

"ಏನಪ್ಪಾ, ಬೀಗರ ಮನೆಗೆ ಬಂದಿದ್ದೀಯಾ?" ಅವನ ಕ್ಯಾಪ್ಟನ್ ರೇಗಿದ. "ಎಲೆ ಹಾಕೋವರೆಗೂ ಕೂತಿರ್ತೀಯಾ? ತಳ್ಳೋ!"

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಮುಂದಿನವನು ಮೂಗು ಮಣ್ಣಿಗೆ ತಾಗುವಷ್ಟು ಕುಸಿದ. ಮೇಷ್ಟ್ರು ಊದಿ, ಗಡಿಯಾರ ನಿಲ್ಲಿಸಿ, ಅಣ್ಣನನ್ನು ಪಕ್ಕಕ್ಕೆ ಕರೆದರು.

"ನೀನು ಹೀಗೆ ಅರ್ಧಕ್ಕೆ ಬಿಟ್ರೆ ಮುಂದಿರೋನ ಬೆನ್ನು ಮುರಿಯುತ್ತೆ. ಆಡೋದಾದ್ರೆ ಆಡು, ಇಲ್ಲಾಂದ್ರೆ ಹೊರಗೆ ಹೋಗು."

"ತಳ್ಳಕ್ಕೆ ಭಯ ಸರ್." ಅಣ್ಣನ ಕಣ್ಣು ನೆಲದಲ್ಲಿತ್ತು. "ಒಳಗೆ ತಲೆ ಹಾಕಿದ್ಮೇಲೆ ನಿಮ್ಮ ಸೀಟಿ ಕೇಳ್ಸದೇ ಹೋದ್ರೆ?"

"ಯಾಕೆ ಕೇಳ್ಸಲ್ಲ?"

"ಅವತ್ತು ಕೇಳ್ಸಲಿಲ್ವಲ್ಲ. ಎಲ್ರೂ ಊದಿದ್ರು ಅಂತಾರೆ. ನಿಮ್ಮ ವರದೀಲೂ ಹಂಗೇ ಇದೆ. ನಾನೊಬ್ಬನೇ ಕೇಳ್ಸಿಕೊಳ್ಳದೆ ತಳ್ತಾನೇ ಇದ್ದೆ. ಕಿವಿ ಪರೀಕ್ಷೆ ಮಾಡಿಸ್ದೆ ಸರ್, ಎರಡು ಕಡೆ. ಕಿವಿ ಚೆನ್ನಾಗಿದೆ ಅಂದ್ರು. ಮತ್ತೆ ಹೆಂಗೆ ಅಂತ ಪ್ರತಿ ವಾರ ಬಂದು ನೋಡ್ತಿದ್ದೆ. ನೀವು ಬಾಯಿಗೆ ಸೀಟಿ ಇಟ್ಟ ಕೂಡ್ಲೇ ನನಗೆ ಬೇಲಿ ಹತ್ರಾನೂ ಕೇಳ್ಸುತ್ತೆ." ಅವನು ಕಾಲುಚೀಲ ಮೇಲಕ್ಕೆಳೆದುಕೊಂಡ. "ಅಮ್ಮ ತಟ್ಟೆ ಇಡ್ತಾಳೆ, ಮಾತಾಡಲ್ಲ. ತಮ್ಮನ್ನ ಮಗ್ಗುಲು ತಿರುಗಿಸಕ್ಕೆ ನಾನು ಹೋದ್ರೆ ಪಕ್ಕದ ಮನೆಯವರನ್ನ ಕರೀತಾಳೆ. ನನ್ನ ಕೈ ಮುಟ್ಟಿಸಲ್ಲ."

ಒಂದು ವರ್ಷ ತಾವು ಮಾಡಿದ ಅಪರಾಧಕ್ಕೆ ಸಾಕ್ಷಿಯೆಂದು ಹೆದರಿದ್ದ ಮುಖವನ್ನು ಮೇಷ್ಟ್ರು ಮೊದಲ ಸಲ ಹತ್ತಿರದಿಂದ ನೋಡಿದರು. ಅವನು ಅವರನ್ನು ಹಿಡಿಯಲು ಬಂದಿರಲಿಲ್ಲ. ತನ್ನದೇ ತಪ್ಪನ್ನು ಹುಡುಕುತ್ತ ಬೇಲಿಯ ಆಚೆ ಬಿಸಿಲಲ್ಲಿ ನಿಂತಿದ್ದ.

ಉಳಿದ ಇಪ್ಪತ್ತೊಂಬತ್ತು ಜನ ಸೊಂಟಕ್ಕೆ ಕೈ ಕೊಟ್ಟು ಕಾಯುತ್ತಿದ್ದರು. ಸಮಾಧಾನದ ಒಂದು ಮಾತು ಹೇಳಿ ಕಳಿಸಬಹುದಿತ್ತು. ಅದು ನಾಲಿಗೆಯ ತುದಿಯವರೆಗೂ ಬಂತು, ಅದನ್ನು ನುಂಗಿದರು.

"ನಿನ್ನ ಕಿವಿ ಸರಿಯಾಗಿದೆ ಕಣೋ," ಎಂದರು. "ನಾನೇ ಊದಲಿಲ್ಲ."

ಅಣ್ಣ ತಲೆ ಎತ್ತಿದ.

"ಬಿದ್ದಾಗ ಊದಲಿಲ್ಲ. ಚೆಂಡು ಬರ್ತಾ ಇತ್ತು. ನಿಮ್ಮ ಕಡೆಗೇ ಲಾಭ ಆಗ್ಲಿ ಅಂತ ಕಾದೆ. ಮೂರು ಸೆಕೆಂಡು. ಆಮೇಲೆ ತಕ್ಷಣ ಊದಿದೆ ಅಂತ ಬರೆದೆ."

"ನಮಗೆ ಲಾಭ," ಎಂದ ಅಣ್ಣ. ಅದರಲ್ಲಿ ಪ್ರಶ್ನೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವನ ತುಟಿ ಅಲುಗುತ್ತಿತ್ತು. ಅವನು ಆ ಮೂರು ಸೆಕೆಂಡು ಎಣಿಸುತ್ತಿದ್ದಾನೆ ಎಂದು ಮೇಷ್ಟ್ರಿಗೆ ಹೊಳೆಯಿತು. ಮುಗಿಯಲು ಬಹಳ ಹೊತ್ತು ಹಿಡಿಯಿತು.

"ಅಮ್ಮ ನನ್ನ ಬಾಯಿಮಾತು ನಂಬಲ್ಲ ಸರ್. ಬರ್ದು ಕೊಡಿ."

ಮೇಷ್ಟ್ರು ಜೇಬಿನಿಂದ ಅಂಕ ಬರೆದುಕೊಳ್ಳುವ ಚೀಟಿಯನ್ನೂ ಮೋಟು ಪೆನ್ಸಿಲನ್ನೂ ತೆಗೆದರು. ಮೊಣಕಾಲ ಮೇಲೆ ಇಟ್ಟು ಬರೆದರು: ಹೋದ ವರ್ಷ ಸ್ಕ್ರಮ್ ಕುಸಿದು ಮೂರು ಸೆಕೆಂಡಾದ ಮೇಲೆ ಊದಿದೆ. ಇವನು ತಳ್ಳಿದ್ದು ಸೀಟಿಗೆ ಮುಂಚೆ. ತಪ್ಪು ರೆಫರಿಯದು. ಕೆಳಗೆ ಸಹಿ ಹಾಕಿದರು.

"ಇದ್ರ ಹಿಂದೆ ಇವತ್ತಿನ ಅಂಕ ಇದೆಯಲ್ಲ ಸರ್?"

"ಇರಲಿ, ತಗೊಂಡು ಹೋಗು. ಇನ್ನೂ ಸೊನ್ನೆ ಸೊನ್ನೆ."

ಅಣ್ಣ ಚೀಟಿಯನ್ನು ಎರಡು ಸಲ ಓದಿದ. ಮಡಚಿ ಕಾಲುಚೀಲದೊಳಗೆ ತೂರಿಸಿಕೊಂಡ. ಕ್ಯಾಪ್ಟನ್ ಕೂಗುತ್ತಿದ್ದರೂ ತಿರುಗದೆ, ಬೂಟನ್ನೂ ಬಿಚ್ಚದೆ, ಗೇಟು ದಾಟಿ ರಸ್ತೆಗೆ ಇಳಿದ. ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ಮೇಷ್ಟ್ರಿಗೆ ನಿಲ್ಲಲು ಆಗುತ್ತಿರಲಿಲ್ಲ.

ಗೆರೆ ಕಾಯುವವನು ಓಡಿ ಬಂದ. "ಏನ್ ಸರ್, ಅವನಿಗೆ ಕಾಲು ಹಿಡ್ಕೊಂಡಿತಾ?"

"ಮುಂದಿನದು ನೀನು ನಡೆಸು," ಎಂದು ಸೀಟಿಯನ್ನು ಅವನ ಕೈಯಲ್ಲಿಟ್ಟು, ಮೇಷ್ಟ್ರು ಸಂಘದ ಕಾರ್ಯದರ್ಶಿ ಕೂತಿದ್ದ ಮೇಜಿನ ಕಡೆ ನಡೆದರು. ಅರ್ಧ ಮೈದಾನ ದಾಟುವಷ್ಟರಲ್ಲಿ ಹಿಂದೆ ಸ್ಕ್ರಮ್ಮಿನ ಕೂಗು ಕೇಳಿತು. ಅವರು ತಿರುಗಲಿಲ್ಲ, ಹೆಜ್ಜೆ ಮಾತ್ರ ನಿಂತಿತು. ಒಂದು. ಎರಡು. ಚೆಂಡು ಹೊರಗೆ ಬಂದ ಗದ್ದಲ ಎದ್ದ ಮೇಲೆ ಉಸಿರು ಬಿಟ್ಟು ಮತ್ತೆ ನಡೆದರು.

"ಏನ್ ಮೇಷ್ಟ್ರೇ, ಆಟ ಬಿಟ್ಟು ಬಂದ್ರಿ?" ಕಾರ್ಯದರ್ಶಿ ನಗುತ್ತ ಕುರ್ಚಿ ಎಳೆದುಕೊಟ್ಟರು.

ಮೇಷ್ಟ್ರು ಕೂರಲಿಲ್ಲ.

"ಹೋದ ವರ್ಷದ ನನ್ನ ವರದಿ ತೆಗೀರಿ," ಎಂದರು. "ಅದರಲ್ಲಿ ಒಂದು ಸುಳ್ಳಿದೆ."